ತಿಳಿಯಹೊರಟವರಿಗೆ ಮಾತ್ರ ಅನುಮತಿಯ ಕಟ್ಟಳೆಯೇ?

ಪಾರ್ಶ್ವವಾಯು ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪಿದವರನ್ನು ಹಾಸಿಗೆಯಿಂದ ಎಷ್ಟು ಬೇಗ ಎಬ್ಬಿಸಬೇಕು? ಪುನಶ್ಚೇತನ ಚಿಕಿತ್ಸೆಯಲ್ಲಿ ತೊಡಗಿದ ಅನೇಕರ ಬಳಿ ಬಹಳ ಕಾಲ ಇದಕ್ಕೆ ಒಂದೇ ಉತ್ತರವಿತ್ತು: ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆ ಉತ್ತರದ ಹಿಂದೆ ತರ್ಕವೂ ಇತ್ತು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ. ಹಾಗಾಗಿ ಮೊದಲ ದಿನವೇ ಕೂರಿಸಿ, ನಿಲ್ಲಿಸಿ, ಸಾಧ್ಯವಾದರೆ ನಡೆಸಿಬಿಡಬೇಕು ಎನ್ನುವುದು ಅನುಭವದ ಮಾತಾಗಿತ್ತು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೂಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಈ ಮಾತನ್ನು ಒಪ್ಪಿ ಸುಮ್ಮನಾಗದೆ ಪರೀಕ್ಷೆಗೆ ಒಡ್ಡಿದರು. ‘ಅವರ್ಟ್’ ಎಂಬ ಆ ಪ್ರಯೋಗದಲ್ಲಿ ಐದು ದೇಶಗಳ 56 ಆಸ್ಪತ್ರೆಗಳಲ್ಲಿದ್ದ 2,104 ರೋಗಿಗಳು ಪಾಲ್ಗೊಂಡರು. ಅರ್ಧದಷ್ಟು ಜನರಿಗೆ ವಾಡಿಕೆಯ ಆರೈಕೆ ಸಿಕ್ಕಿತು. ಉಳಿದರ್ಧದವರನ್ನು ಮೊದಲ 24 ಗಂಟೆಯೊಳಗೇ ಎಬ್ಬಿಸಿ, ದಿನಕ್ಕೆ ಮತ್ತಷ್ಟು ಸಲ, ಮತ್ತಷ್ಟು ಹೊತ್ತು ಅಭ್ಯಾಸ ಮಾಡಿಸಲಾಯಿತು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಹೊರಬಿತ್ತು. ಮೂರು ತಿಂಗಳ ಹೊತ್ತಿಗೆ ಇನ್ನೊಬ್ಬರ ಹಂಗಿಲ್ಲದೆ ಬದುಕುವ ಮಟ್ಟಕ್ಕೆ ಬಂದವರು ವಾಡಿಕೆಯ ಆರೈಕೆಯಲ್ಲಿ ನೂರಕ್ಕೆ 50 ಮಂದಿ, ಬೇಗ ಎಬ್ಬಿಸಿ ಹೆಚ್ಚು ದುಡಿಸಿದ ಗುಂಪಿನಲ್ಲಿ ನೂರಕ್ಕೆ 46. ಒಳಿತೆಂದು ಮಾಡಿದ್ದು ಕೆಡುಕಿನ ಕಡೆಗೇ ವಾಲಿತ್ತು.

ರೋಗಿಯನ್ನು ಎಬ್ಬಿಸಲೇಬಾರದು ಎಂದು ಈ ಪ್ರಯೋಗ ಹೇಳಲಿಲ್ಲ. ವಾಡಿಕೆಯ ಗುಂಪಿನವರೂ ಹೆಚ್ಚಾಗಿ ಮೊದಲ ದಿನದ ಆಸುಪಾಸಿನಲ್ಲೇ ಎದ್ದಿದ್ದರು. ಆ ಮೊದಲ ಗಂಟೆಗಳಲ್ಲಿ ಅತಿಯಾಗಿ ದುಡಿಸುವುದು ತರವಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ನಾನು ಹೇಳಹೊರಟಿರುವುದು ಬೇರೆ. ಈ ಪ್ರಯೋಗ ನಡೆಸಲು ಸಂಶೋಧಕರು ಪ್ರತಿ ಆಸ್ಪತ್ರೆಯಲ್ಲೂ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕಾಯಿತು, ರೋಗಿಗಳಿಗೋ ಅವರ ಮನೆಯವರಿಗೋ ವಿವರಿಸಿ ಸಹಿ ಪಡೆಯಬೇಕಾಯಿತು, ಆಗುವ ಅನಾಹುತಗಳನ್ನು ಎಣಿಸಿ ವರದಿ ಮಾಡಬೇಕಾಯಿತು. ಅದೇ ಚಿಕಿತ್ಸೆಯನ್ನು ಪ್ರಯೋಗವೆಂದು ಕರೆಯದೆ, ವಾರ್ಡಿನ ಪದ್ಧತಿಯೆಂದು ಕರೆದು ಎಲ್ಲ ರೋಗಿಗಳಿಗೂ ಕೊಟ್ಟಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನೂರಕ್ಕೆ ನಾಲ್ವರ ನಷ್ಟ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ ರಿಚರ್ಡ್ ಸ್ಮಿಥೆಲ್ಸ್ 1975ರಷ್ಟು ಹಿಂದೆಯೇ ಈ ವಿಸಂಗತಿಯನ್ನು ಎತ್ತಿ ತೋರಿಸಿದ್ದರು: ಒಂದು ಔಷಧವನ್ನು ಅರ್ಧ ರೋಗಿಗಳಿಗೆ ಕೊಟ್ಟು ನೋಡಲು ಅನುಮತಿ ಬೇಕು, ಎಲ್ಲರಿಗೂ ಕೊಟ್ಟುಬಿಡಲು ಬೇಡ. ಔಷಧದ ವಿಷಯದಲ್ಲಾದರೂ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆಯೊಂದು ನಡುವೆ ನಿಂತಿರುತ್ತದೆ. ಕೈಯಿಂದ ಕೊಡುವ ವ್ಯಾಯಾಮ, ಯಂತ್ರದಿಂದ ಕೊಡುವ ಶಾಖ, ಬಾಯಿಂದ ಕಲಿಸುವ ಮಾತು ಇವುಗಳಿಗೆ ಅಂಥ ಬಾಗಿಲೂ ಇಲ್ಲ. ಪುನಶ್ಚೇತನ ಚಿಕಿತ್ಸೆಯಲ್ಲಿ ಸಂಶೋಧನೆಯ ನೀತಿ ಮತ್ತು ಪುರಾವೆ ಆಧಾರಿತ ಚಿಕಿತ್ಸೆ ಎಂಬ ಎರಡು ವಿಷಯಗಳನ್ನು ನಾವು ಬೇರೆ ಬೇರೆ ಪಾಠಗಳಾಗಿ ಕಲಿಸುತ್ತಿರುವುದೇ ತಪ್ಪು ಎಂದು ನಾನು ವಾದಿಸುತ್ತೇನೆ. ಪುರಾವೆ ಹುಡುಕದ ಚಿಕಿತ್ಸೆ ಕೂಡ ಪ್ರಯೋಗವೇ. ಅದಕ್ಕೆ ದಾಖಲೆಯಿಲ್ಲ, ಸಮ್ಮತಿಯಿಲ್ಲ, ಮುಗಿಯುವ ದಿನವೂ ಇಲ್ಲ.

ಇದಕ್ಕೆ ಮೊದಲು ಎದುರಾಗುವ ಮಾತೆಂದರೆ, ಇದೇನು ಶಸ್ತ್ರಕ್ರಿಯೆಯೇ, ಹೊಸ ಗುಳಿಗೆಯೇ, ವ್ಯಾಯಾಮದಿಂದ ಯಾರಿಗೆ ಏನು ಹಾನಿಯಾದೀತು ಎಂಬುದು. ಈ ಮಾತು ನಂಬುವಂತಿದೆ, ಆದರೆ ನಿಜವಲ್ಲ. ಬರೀ ಮಾತಿನಿಂದಲೇ ಹಾನಿ ಮಾಡಬಹುದೆಂದು ತೋರಿಸಿದ ಘಟನೆ ವಾಕ್ ಚಿಕಿತ್ಸೆಯ ಚರಿತ್ರೆಯಲ್ಲೇ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸರಿಗೆ ಉಗ್ಗು ಹುಟ್ಟುವುದು ಮಗುವಿನ ಬಾಯಲ್ಲಲ್ಲ, ತಪ್ಪು ಹುಡುಕುವ ದೊಡ್ಡವರ ಕಿವಿಯಲ್ಲಿ ಎಂದು ತೋರಿತ್ತು. ಅವರು ಸ್ವತಃ ಉಗ್ಗಿನಿಂದ ಬಳಲಿದವರು, ಉಗ್ಗುವವರ ಬಗ್ಗೆ ಕಾಳಜಿಯಿದ್ದವರು. ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್, ಡೇವನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡು ಸ್ನಾತಕೋತ್ತರ ಪ್ರಬಂಧಕ್ಕಾಗಿ ಈ ಊಹೆಯನ್ನು ಪರೀಕ್ಷಿಸಿದರು. ಸರಾಗವಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ, ನೀನು ಉಗ್ಗುತ್ತಿದ್ದೀಯೆ, ಸರಿಯಾಗಿ ಆಡಲಾಗದಿದ್ದರೆ ಬಾಯಿ ತೆರೆಯಬೇಡ ಎಂಬರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ನಾಚಿಕೊಂಡರು, ಮಾತು ಕಡಿಮೆ ಮಾಡಿದರು, ಶಾಲೆಯಲ್ಲಿ ಹಿಂದೆ ಸರಿದರು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಪರವಾಗಿ ಬೇಡವೆನ್ನಲು ಅಪ್ಪ ಅಮ್ಮ ಇರಲಿಲ್ಲ. ಆರು ದಶಕಗಳ ನಂತರ, 2001ರಲ್ಲಿ, ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕ್ರೌರ್ಯದ ಉದಾಹರಣೆಯೆಂದು ಹೇಳಿ ಮುಂದೆ ಹೋಗುತ್ತಾರೆ. ಅದರ ಇನ್ನೊಂದು ಮುಖ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. 2002ರಲ್ಲಿ ಉಗ್ಗಿನ ತಜ್ಞರಿಬ್ಬರು ಆ ಹಳೆಯ ಪ್ರಬಂಧದ ಅಂಕಿಗಳನ್ನು ಮತ್ತೆ ತಿರುವಿ ನೋಡಿದರು. ಪ್ರಯೋಗದ ರಚನೆಯೇ ದುರ್ಬಲವಾಗಿತ್ತು, ಮಕ್ಕಳಲ್ಲಿ ಉಗ್ಗು ಹುಟ್ಟಿತೆನ್ನಲು ಅದರಲ್ಲಿ ಆಧಾರವೇ ಇಲ್ಲ ಎಂದು ಅವರು ಕಂಡರು. ಅಂದರೆ ಮಕ್ಕಳು ನೊಂದರು, ಆ ನೋವಿನಿಂದ ವಿಜ್ಞಾನಕ್ಕೆ ಸಿಕ್ಕ ತಿಳಿವಳಿಕೆ ಶೂನ್ಯ. ಕೆಟ್ಟ ನೀತಿಯೂ ಕೆಟ್ಟ ವಿಧಾನವೂ ಅಲ್ಲಿ ಜೊತೆಯಾಗಿ ಬಂದದ್ದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ. ಎದುರಿಗಿರುವವರು ನಮಗೆ ಉತ್ತರ ಕೇಳಲಾರರು ಎಂಬ ಧೈರ್ಯವಿದ್ದಾಗ ಪ್ರಶ್ನೆಯನ್ನು ಎಚ್ಚರದಿಂದ ರೂಪಿಸುವ ಒತ್ತಡವೂ ಇಲ್ಲವಾಗುತ್ತದೆ. ಹೊರಗಿನ ನಾಲ್ಕು ಜನ ಕುಳಿತು, ಇಷ್ಟು ಮಕ್ಕಳೇ ಏಕೆ, ಅಳೆಯುವವರು ಯಾರು, ತೊಂದರೆಯಾದರೆ ನಿಲ್ಲಿಸುವವರು ಯಾರು ಎಂದು ಕೇಳಿದ್ದರೆ ಮಕ್ಕಳೂ ಉಳಿಯುತ್ತಿದ್ದರು, ವಿಜ್ಞಾನಕ್ಕೂ ಒಳಿತಾಗುತ್ತಿತ್ತು.

ಕಣ್ಣಾರೆ ಕಂಡದ್ದನ್ನು ಪರೀಕ್ಷಿಸಬೇಕೆ ಎಂದು ಕೇಳುವವರಿಗೆ ಆಟಿಸಂ ಮಕ್ಕಳಿಗಾಗಿ ಬಂದ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ ವಿಧಾನದ ಕಥೆ ಉತ್ತರ ಹೇಳುತ್ತದೆ. ಮಾತು ಬಾರದ ಮಗುವಿನ ಕೈಗೆ ಸಹಾಯಕರು ಆಸರೆ ಕೊಟ್ಟರೆ ಅದು ಅಕ್ಷರಫಲಕದಲ್ಲಿ ವಾಕ್ಯಗಳನ್ನೇ ಬರೆಯುತ್ತದೆ ಎಂಬ ಸುದ್ದಿ 1990ರ ದಶಕದ ಆರಂಭದಲ್ಲಿ ಅಮೆರಿಕದ ತುಂಬ ಹಬ್ಬಿತು. ತಾಯಂದಿರು ಕಣ್ಣೀರಿಟ್ಟರು. ಆಮೇಲೆ ಒಂದು ಸರಳ ಪರೀಕ್ಷೆ ನಡೆಯಿತು. ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು ಚಿತ್ರ, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಂತೆ. ಬರಹದಲ್ಲಿ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಅವರು ಮೋಸಗಾರರಾಗಿರಲಿಲ್ಲ, ತಮ್ಮ ಕೈಯೇ ಬರೆಸುತ್ತಿದೆಯೆಂದು ಅವರಿಗೇ ತಿಳಿದಿರಲಿಲ್ಲ. ಅಷ್ಟರಲ್ಲಿ ಹೀಗೆ ಮೂಡಿದ ವಾಕ್ಯಗಳನ್ನೇ ಸಾಕ್ಷಿಯೆಂದು ಹಿಡಿದು ಹೆತ್ತವರ ಮೇಲೆ ಲೈಂಗಿಕ ದೌರ್ಜನ್ಯದ ಸುಳ್ಳು ಆರೋಪಗಳು ಬಂದಿದ್ದವು, ಮಕ್ಕಳನ್ನು ಮನೆಯಿಂದ ಬೇರ್ಪಡಿಸಲಾಗಿತ್ತು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 1994ರಲ್ಲಿ ಎಚ್ಚರಿಸಿತು. 2018ರಲ್ಲಿ ಇದನ್ನು ಬಳಸಲೇಬಾರದೆಂದು ಮತ್ತೆ ಹೇಳಬೇಕಾಯಿತು. ಪ್ರೀತಿ, ಅನುಭವ, ಕಣ್ಣಿಗೆ ಕಾಣುವ ಬದಲಾವಣೆ ಈ ಮೂರೂ ಅಲ್ಲಿದ್ದವು. ಇಲ್ಲದಿದ್ದದ್ದು ಆ ಎರಡು ಚಿತ್ರಗಳ ಪರೀಕ್ಷೆ ಮಾತ್ರ.

ಈಗ ನಮ್ಮ ಊರುಗಳ ಕ್ಲಿನಿಕ್ಕುಗಳತ್ತ ಬರೋಣ. ಕುತ್ತಿಗೆ ನೋವು, ಮಂಡಿ ನೋವು, ಭುಜ ಹಿಡಿದುಕೊಂಡಿದೆ ಎಂದು ಹೋದವರಿಗೆ ಹತ್ತು ದಿನ ‘ಕರೆಂಟ್ ಕೊಡುವುದು’ ಎಂದರೆ ಏನೆಂದು ಕರ್ನಾಟಕದ ಯಾವ ಪಟ್ಟಣದವರಿಗೂ ವಿವರಿಸಬೇಕಿಲ್ಲ. ಐಎಫ್‌ಟಿ, ಟೆನ್ಸ್, ಅಲ್ಟ್ರಾಸೌಂಡ್, ಮೇಣದ ಶಾಖ. ಇವುಗಳಲ್ಲಿ ಅಲ್ಟ್ರಾಸೌಂಡ್ ಒಂದನ್ನೇ ತೆಗೆದುಕೊಳ್ಳಿ. 2001ರಲ್ಲಿ ಅಮೆರಿಕದ ‘ಫಿಸಿಕಲ್ ಥೆರಪಿ’ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಅದುವರೆಗಿನ 35 ಪ್ರಯೋಗಗಳನ್ನು ಜರಡಿ ಹಿಡಿಯಿತು. ವಿಧಾನ ಸರಿಯಿದ್ದವು ಹತ್ತೇ. ಆ ಹತ್ತರಲ್ಲಿ ಎಂಟು, ನಿಜವಾದ ಅಲ್ಟ್ರಾಸೌಂಡಿಗೂ ಸ್ವಿಚ್ ಹಾಕದೆ ಬರಿದೆ ಸವರಿದ ಯಂತ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಕಾಲು ಶತಮಾನ ಕಳೆದರೂ ಆ ಯಂತ್ರ ಕ್ಲಿನಿಕ್ಕಿನ ಮೇಜಿನ ಮೇಲೆ ಇದ್ದೇ ಇದೆ. ಕೀಲು ಗಟ್ಟಿಯಾಗದಿರಲೆಂದು ಕೈಕಾಲು ಎಳೆದು ಹಿಗ್ಗಿಸುವ ಕ್ರಮದ ಬಗ್ಗೆ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆ 49 ಅಧ್ಯಯನಗಳ 2,135 ಜನರ ವಿವರ ಕಲೆಹಾಕಿತು. ಕೆಲವು ತಿಂಗಳ ಮಟ್ಟಿಗೆ ಮಾಡಿದ ಇಂಥ ಎಳೆತದಿಂದ ಕೀಲಿನ ಚಲನೆಯಲ್ಲಿ ಗಣನೀಯ ಲಾಭವಿಲ್ಲ ಎಂದು ಅದು ಕಂಡಿತು. ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ, ದಿನದ ಕೂಲಿ ಬಿಟ್ಟು ಬರುವ ತಾಯಿಗೆ ಇದನ್ನು ಯಾರಾದರೂ ಹೇಳಬೇಡವೇ? ಲಕ್ವಕ್ಕೆ ನಾಟಿ ಔಷಧಿ ಕೊಡುವವರನ್ನು ಆಧಾರವೇನೆಂದು ನಾವು ಕೇಳುತ್ತೇವೆ, ಕೇಳಬೇಕು ಕೂಡ. ಯಂತ್ರಕ್ಕೆ ವಿದ್ಯುತ್ತಿನ ತಂತಿಯಿದೆ ಎಂದ ಮಾತ್ರಕ್ಕೆ ಅದೇ ಪ್ರಶ್ನೆಯಿಂದ ಅದಕ್ಕೆ ವಿನಾಯಿತಿ ಸಲ್ಲದು.

ಈ ಚಿಕಿತ್ಸೆ ಪಡೆದವರು ಗುಣವಾದರಲ್ಲ ಎನ್ನುವ ಮಾತಿಗೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಎಂಬ ನಮ್ಮ ಗಾದೆಯೇ ಸಾಕು. ಪಾರ್ಶ್ವವಾಯುವಿನ ಬಳಿಕ ಸಹಜವಾಗಿ ಮರಳುವ ಶಕ್ತಿಯ ಬಹುಪಾಲು ಮೊದಲ ಕೆಲವು ತಿಂಗಳಲ್ಲೇ ಮರಳುತ್ತದೆ. ಬೆನ್ನು ನೋವಿನಲ್ಲಿ ಹೆಚ್ಚಿನವು ವಾರಗಳಲ್ಲಿ ತಾನಾಗಿ ತಗ್ಗುತ್ತವೆ. ಆ ಅವಧಿಯಲ್ಲಿ ಏನೇ ಕೊಟ್ಟರೂ ಗುಣದ ಕೀರ್ತಿ ಅದಕ್ಕೇ ಸಲ್ಲುತ್ತದೆ. ಪ್ರಾಮಾಣಿಕ ಚಿಕಿತ್ಸಕರೂ ಮೋಸಹೋಗುವುದು ಇಲ್ಲಿಯೇ.

ಹಾಗಾದರೆ ನಮ್ಮಲ್ಲಿ ಸಂಶೋಧನೆ ನಡೆಯುತ್ತಿಲ್ಲವೇ? ಧಾರಾಳವಾಗಿ ನಡೆಯುತ್ತಿದೆ, ಅದರ ಸ್ವರೂಪವೇ ಚಿಂತೆಯ ವಿಷಯ. ಸ್ನಾತಕೋತ್ತರ ಫಿಸಿಯೋಥೆರಪಿ ವಿದ್ಯಾರ್ಥಿ ಸಿನಾಪ್ಸಿಸ್ ಬರೆದು, ಕಾಲೇಜಿನ ಎಥಿಕ್ಸ್ ಕಮಿಟಿಯಿಂದ ಪತ್ರ ಪಡೆದು, ಮೂವತ್ತು ನಲವತ್ತು ರೋಗಿಗಳನ್ನು ಎರಡು ಗುಂಪು ಮಾಡಿ ಕೆಲವು ವಾರ ಚಿಕಿತ್ಸೆ ಕೊಟ್ಟು ಪ್ರಬಂಧ ಒಪ್ಪಿಸುವುದು ರೂಢಿ. ಸಮಿತಿ ಸಮ್ಮತಿ ಪತ್ರವನ್ನು ನೋಡುತ್ತದೆ, ಹಾನಿಯಿಲ್ಲವೆಂದು ಒಪ್ಪಿಗೆ ಕೊಡುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಗುಂಪಿಗೆ ಹದಿನೈದು ಜನರಿದ್ದರೆ ಒಬ್ಬ ರೋಗಿಯೆಂದರೆ ನೂರಕ್ಕೆ ಹೆಚ್ಚುಕಡಿಮೆ ಏಳರ ತೂಕ. ಅವರ್ಟ್ ಪ್ರಯೋಗದಲ್ಲಿ ಕಂಡ ನೂರಕ್ಕೆ ನಾಲ್ಕರ ವ್ಯತ್ಯಾಸ ಅಲ್ಲಿ ಒಬ್ಬ ಮನುಷ್ಯನಿಗೂ ಸಮನಾಗುವುದಿಲ್ಲ. ಅದನ್ನು ಕಾಣಲು ಎರಡು ಸಾವಿರ ಜನ ಬೇಕಾದರು. ಮೂವತ್ತು ಜನರ ಅಧ್ಯಯನ ನೋವಿನ ಅಂಕವೊಂದನ್ನು ಅಳೆದು ಎರಡೂ ಗುಂಪು ಸುಧಾರಿಸಿತು ಎಂದಷ್ಟೇ ಹೇಳಬಲ್ಲದು, ಅದಂತೂ ಮೊದಲೇ ಗೊತ್ತಿದ್ದ ಸಂಗತಿ. ಉತ್ತರ ಹೇಳಲಾರದ ಅಧ್ಯಯನಕ್ಕೆ ಮನುಷ್ಯರ ಸಮಯವನ್ನೂ ನಂಬಿಕೆಯನ್ನೂ ಬಳಸುವುದು ಅನೈತಿಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿತು. ಈಗ ಜಾರಿಯಲ್ಲಿರುವ ಅದರ 2017ರ ಮಾರ್ಗಸೂಚಿ ವೈಜ್ಞಾನಿಕ ಗಟ್ಟಿತನವನ್ನೂ ನೈತಿಕ ಪರಿಶೀಲನೆಯ ಒಳಗೇ ಇರಿಸಿದೆ. ಸಮಿತಿಗಳು ಆ ಭಾಗವನ್ನು ವಿದ್ಯಾರ್ಥಿಯ ಗೈಡಿಗೆ ಬಿಟ್ಟುಕೊಡುವುದು ಜವಾಬ್ದಾರಿಯಿಂದ ನುಣುಚಿಕೊಂಡಂತೆ.

ಇದನ್ನು ವಿದ್ಯಾರ್ಥಿಗಳ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಅವರಿಗೆ ಎರಡೇ ವರ್ಷ ಇರುತ್ತದೆ, ಹಣವಿರುವುದಿಲ್ಲ, ‘ಹೊಸ’ ವಿಷಯವೇ ಬೇಕೆಂಬ ಒತ್ತಾಯ ಬೇರೆ. ದಾರಿಯೂ ಇದೆ. ಹತ್ತು ಕಾಲೇಜುಗಳು ಒಂದೇ ಪ್ರಶ್ನೆ, ಒಂದೇ ಅಳತೆ, ಒಂದೇ ಕ್ರಮ ಹಿಡಿದು ತಲಾ ಮೂವತ್ತು ರೋಗಿಗಳನ್ನು ಸೇರಿಸಿದರೆ ಮುನ್ನೂರಾಗುತ್ತದೆ, ಮೂರು ತಂಡಗಳ ವಿದ್ಯಾರ್ಥಿಗಳು ಮುಂದುವರಿಸಿದರೆ ಒಂಬೈನೂರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಒಂದೇ ಸೂರಿನಡಿ ಇಷ್ಟೊಂದು ಫಿಸಿಯೋಥೆರಪಿ ಕಾಲೇಜುಗಳನ್ನು ಇಟ್ಟುಕೊಂಡಿರುವಾಗ ಇದು ಕನಸಿನ ಮಾತಲ್ಲ. ಪ್ರತಿ ವಿದ್ಯಾರ್ಥಿ ತನ್ನ ಭಾಗವನ್ನು ಬರೆದು ಪದವಿ ಪಡೆಯಲಿ, ಒಟ್ಟು ಉತ್ತರ ರಾಜ್ಯಕ್ಕೆ ಸಿಗಲಿ.

ಅನುಭವಿ ಚಿಕಿತ್ಸಕರು ಎತ್ತುವ ಗಂಭೀರ ಆಕ್ಷೇಪ ಬೇರೆಯದು. ಪ್ರತಿ ರೋಗಿಯೂ ಬೇರೆ, ಒಬ್ಬರ ಲಕ್ವ ಇನ್ನೊಬ್ಬರದರಂತಲ್ಲ, ಚಿಕಿತ್ಸೆ ಕೈ ಹದದಿಂದ ಬರುವಂಥದ್ದು, ಗುಳಿಗೆಯಂತೆ ಇದನ್ನು ಅಳೆಯಲಾಗದು ಎನ್ನುತ್ತಾರೆ ಅವರು. ಇದರಲ್ಲಿ ಸತ್ಯವಿದೆ. ವ್ಯಾಯಾಮ ಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆಂದು ತಿಳಿಯದಂತೆ ಮಾಡಲು ಸಾಧ್ಯವೇ ಇಲ್ಲ. ಆದರೆ ಫಲಿತಾಂಶ ಅಳೆಯುವವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿಯದಂತೆ ಮಾಡಬಹುದು. ಸಿಡ್ನಿಯಲ್ಲಿ 1999ರಲ್ಲಿ ಆರಂಭವಾದ ‘ಪೆಡ್ರೊ’ ಎಂಬ ಫಿಸಿಯೋಥೆರಪಿ ಪುರಾವೆಗಳ ಭಂಡಾರದಲ್ಲಿ ಇಂಥ ಪ್ರಯೋಗಗಳು ಸಾವಿರಾರು ಇವೆ. ಇನ್ನು, ರೋಗಿಗಳು ಬೇರೆ ಬೇರೆ ಎಂಬುದು ನಿಜವಾದರೆ ಆ ಒಬ್ಬ ರೋಗಿಯಲ್ಲಿ ಬದಲಾವಣೆಯಾಯಿತೇ ಎಂದು ಅಳೆಯುವ ಹೊಣೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಹತ್ತು ಮೀಟರ್ ನಡೆಯಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ನೋಡಲು ಒಂದು ಟೇಪು, ಒಂದು ಗಡಿಯಾರ ಸಾಕು. ಮೊದಲ ದಿನ ಬರೆದಿಟ್ಟು, ನಾಲ್ಕು ವಾರದ ಬಳಿಕ ಮತ್ತೆ ಬರೆದು, ಬದಲಾಗದಿದ್ದರೆ ಕ್ರಮ ಬದಲಿಸುವುದು ಯಾವ ಕ್ಲಿನಿಕ್ಕಿಗೂ ಭಾರವಲ್ಲ. ಪುರಾವೆ ಆಧಾರಿತ ವೈದ್ಯಕ್ಕೆ ಹೆಸರು ತಂದ ಡೇವಿಡ್ ಸ್ಯಾಕೆಟ್ 1996ರ ಲೇಖನದಲ್ಲೇ ಚಿಕಿತ್ಸಕರ ಪರಿಣತಿಯನ್ನೂ ಹೊರಗಿನ ಉತ್ತಮ ಪುರಾವೆಯನ್ನೂ ಬೆಸೆಯಬೇಕೆಂದು ಸ್ಪಷ್ಟವಾಗಿ ಬರೆದಿದ್ದರು. ಕೈಯ ಹದವನ್ನು ಪುರಾವೆ ಕಿತ್ತುಕೊಳ್ಳುವುದಿಲ್ಲ. ಹದ ನಿಜವಾಗಿ ಇದೆಯೇ ಎಂದು ಕೇಳುತ್ತದೆ, ಅಷ್ಟೆ.

ಪಶ್ಚಿಮದ ಪುರಾವೆ ನಮಗೇಕೆ, ನಮ್ಮ ಮನೆಗಳು ಬೇರೆ, ನಮ್ಮಲ್ಲಿ ರೋಗಿಯ ಸುತ್ತ ಕುಟುಂಬವಿದೆ ಎನ್ನುವವರಿಗೆ ನಮ್ಮ ದೇಶದ್ದೇ ಉತ್ತರವಿದೆ. ಚಿಕಿತ್ಸಕರು ಸಾಕಷ್ಟಿಲ್ಲದ ಕಡೆ ಮನೆಯವರಿಗೇ ತರಬೇತಿ ಕೊಟ್ಟರೆ ಪಾರ್ಶ್ವವಾಯು ರೋಗಿ ಚೇತರಿಸಿಕೊಳ್ಳಬಹುದೇ ಎಂದು ‘ಅಟೆಂಡ್’ ಪ್ರಯೋಗ ಕೇಳಿತು. ಭಾರತದ 14 ಆಸ್ಪತ್ರೆಗಳು, 1,250 ರೋಗಿಗಳು. ಮಗಳು, ಸೊಸೆ, ಹೆಂಡತಿ, ಮಗ ಇಂಥವರಿಗೆ ಆಸ್ಪತ್ರೆಯಲ್ಲೂ ಆಮೇಲೆ ಮನೆಗೆ ಹೋಗಿಯೂ ಕಲಿಸಲಾಯಿತು. ನಾನೂ ಸೇರಿದಂತೆ ಯಾರನ್ನು ಕೇಳಿದರೂ ಇದು ಫಲಿಸಲೇಬೇಕು ಎನ್ನುತ್ತಿದ್ದೆವು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಆರು ತಿಂಗಳ ಹೊತ್ತಿಗೆ ಸತ್ತವರು ಅಥವಾ ಪರಾಧೀನರಾಗಿ ಉಳಿದವರು ತರಬೇತಿಯ ಗುಂಪಿನಲ್ಲಿ ನೂರಕ್ಕೆ 47, ಇಲ್ಲದ ಗುಂಪಿನಲ್ಲೂ ನೂರಕ್ಕೆ 47. ಸಂಶೋಧಕರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಈ ಪ್ರಯೋಗ ನಡೆಯದಿದ್ದರೆ ಯಾವುದೋ ಸರ್ಕಾರ ಇದನ್ನೇ ಯೋಜನೆಯಾಗಿ ಘೋಷಿಸಿ, ಚಿಕಿತ್ಸಕರನ್ನು ನೇಮಿಸುವ ಖರ್ಚು ಉಳಿಸಿ, ಇಡೀ ಹೊರೆಯನ್ನು ಮನೆಯ ಹೆಂಗಸರ ಹೆಗಲಿಗೆ ಹಾಕಬಹುದಿತ್ತು. ಫಲವಿಲ್ಲ ಎಂದು ತಿಳಿಯುವುದೂ ಬಡವರ ಪಾಲಿಗೆ ಒಂದು ರಕ್ಷಣೆ.

ಭರವಸೆಯ ಮಾತೂ ಇದೆ. ಇಷ್ಟೆಲ್ಲ ಅಳೆದು ತೂಗಿದರೆ ರೋಗಿಗೆ ಉಳಿಯುವುದೇನು ಎಂದು ಕೇಳುತ್ತಾರೆ. ಪುರಾವೆ ಕಿತ್ತುಕೊಳ್ಳುವುದಷ್ಟೇ ಅಲ್ಲ, ಕೊಡುತ್ತದೆ ಕೂಡ. ಪಾರ್ಶ್ವವಾಯುವಿನ ಬಳಿಕ ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಕಟ್ಟಿಹಾಕಿ, ಸೋತ ಕೈಯಿಂದಲೇ ಲೋಟ ಎತ್ತಿಸಿ, ಬೀಗ ತೆಗೆಸಿ, ಎರಡು ವಾರ ಬಿಡದೆ ದುಡಿಸುವ ಕ್ರಮವೊಂದಿದೆ. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದ ‘ಎಕ್ಸೈಟ್’ ಪ್ರಯೋಗ 2006ರಲ್ಲಿ ಅದರ ಲಾಭವನ್ನು ಸ್ಥಾಪಿಸಿತು. ಆ ಲಾಭ ಒಂದು ವರ್ಷದ ಮೇಲೂ ಉಳಿದಿತ್ತು. ಇದು ಗಟ್ಟಿ ಭರವಸೆ. ಇದರ ಬೇರು ಮಾತ್ರ ನೋವಿನ ನೆಲದಲ್ಲಿದೆ ಎಂಬುದನ್ನು ಮರೆಯಬಾರದು. ಈ ಕ್ರಮವನ್ನು ರೂಪಿಸಿದ ಎಡ್ವರ್ಡ್ ಟಾಬ್, ಕೋತಿಗಳ ಕೈಯಿಂದ ಮಿದುಳಿಗೆ ಸಂವೇದನೆ ಒಯ್ಯುವ ನರಗಳನ್ನು ಕತ್ತರಿಸಿ ಮಾಡಿದ ಪ್ರಯೋಗಗಳಿಂದ ಆ ತಿಳಿವಳಿಕೆ ಪಡೆದವರು. 1981ರಲ್ಲಿ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯದಿಂದ ಪೊಲೀಸರು ಕೋತಿಗಳನ್ನು ವಶಪಡಿಸಿಕೊಂಡದ್ದು ಅಮೆರಿಕದ ಪ್ರಾಣಿ ಸಂರಕ್ಷಣಾ ಕಾನೂನಿನ 1985ರ ತಿದ್ದುಪಡಿಗೆ ಕಾರಣಗಳಲ್ಲಿ ಒಂದಾಯಿತು. ಫಲ ಒಳ್ಳೆಯದಾಯಿತೆಂದು ದಾರಿಯ ದೋಷ ತೊಳೆದುಹೋಗುವುದಿಲ್ಲ. ಆ ದಾರಿಯ ದೋಷಕ್ಕಾಗಿ ಫಲವನ್ನು ಇಂದಿನ ರೋಗಿಗೆ ನಿರಾಕರಿಸುವುದೂ ಸರಿಯಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡು ನಡೆಯುವುದು ಕಷ್ಟ, ಆದರೂ ಬೇರೆ ಪ್ರಾಮಾಣಿಕ ನಿಲುವು ನನಗೆ ಕಾಣುತ್ತಿಲ್ಲ.

ಸಮ್ಮತಿಯ ವಿಷಯದಲ್ಲಿ ಕನ್ನಡಿಗರು ತಮ್ಮದೇ ಆದ ಒಂದು ಕೆಲಸ ಮಾಡಬೇಕಿದೆ. ಸಮ್ಮತಿ ಪತ್ರಗಳು ಕನ್ನಡದಲ್ಲಿ ಬರುತ್ತವೆ, ಆದರೆ ಅದು ಕಚೇರಿಯ ಕನ್ನಡ. ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಎಂದು ಬರೆದರೆ ಓದಿದವರಿಗೂ ಅರ್ಥವಾಗದು. ‘ನೀವು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ನಮ್ಮ ಇಷ್ಟವೂ ಅಲ್ಲ, ನಿಮ್ಮ ಇಷ್ಟವೂ ಅಲ್ಲ’ ಎಂದರೆ ಕಲಬುರಗಿಯ ಕೂಲಿಯವರಿಗೂ ಕೊಡಗಿನ ತೋಟದವರಿಗೂ ತಿಳಿಯುತ್ತದೆ. ಪಾರ್ಶ್ವವಾಯುವಿನಿಂದ ಮಾತೇ ಹೋದವರ ಸಂಗತಿ ಇನ್ನೂ ಕಠಿಣ. ಅಫೇಸಿಯಾ ಇರುವವರಿಂದ ಸಮ್ಮತಿ ಪಡೆಯುವುದು ತೊಡಕೆಂದು ಅನೇಕ ಪ್ರಯೋಗಗಳು ಅವರನ್ನು ಹೊರಗಿಡುತ್ತವೆ. ಆಮೇಲೆ ಅವರಿಗೂ ಅದೇ ಪುರಾವೆಯ ಆಧಾರದ ಮೇಲೆ ಚಿಕಿತ್ಸೆ ನಡೆಯುತ್ತದೆ. ಚಿತ್ರ, ಸಣ್ಣ ವಾಕ್ಯ, ಹೌದು–ಇಲ್ಲ ಫಲಕ, ಸಾಕಷ್ಟು ಸಮಯ ಇವಿಷ್ಟಿದ್ದರೆ ಅವರಲ್ಲಿ ಹಲವರು ತಾವೇ ನಿರ್ಧರಿಸಬಲ್ಲರು. ಅಫೇಸಿಯಾ ಅಳೆಯುವ ಪರೀಕ್ಷೆಯನ್ನು ಕನ್ನಡಕ್ಕೆ ಒಗ್ಗಿಸಿಕೊಂಡಾಗಿದೆ. ಮೈಸೂರಿನಲ್ಲಿ 1960ರ ದಶಕದಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಂಥ ಸಮ್ಮತಿ ಪತ್ರದ ಮಾದರಿಯೊಂದನ್ನು ಕನ್ನಡದಲ್ಲಿ ರೂಪಿಸಿ ಎಲ್ಲ ಕಾಲೇಜುಗಳಿಗೂ ಕೊಡುವ ಅರ್ಹತೆ ನಮ್ಮ ನಾಡಿಗಿದೆ.

ಕಾನೂನು ಇನ್ನೂ ಮುಂದೆ ಹೋಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಆರನೆಯ ಸೆಕ್ಷನ್ ಹೇಳುವಂತೆ, ಅಂಗವೈಕಲ್ಯ ಇರುವವರನ್ನು ಅವರಿಗೆ ತಿಳಿಯುವ ವಿಧಾನದಲ್ಲಿ ಪಡೆದ ಮುಕ್ತ ಸಮ್ಮತಿಯಿಲ್ಲದೆ ಯಾವ ಸಂಶೋಧನೆಗೂ ಒಳಪಡಿಸುವಂತಿಲ್ಲ. ಅದರ ಜೊತೆಗೆ ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಸ್ವತಃ ಅಂಗವಿಕಲರೋ ಅವರ ನೋಂದಾಯಿತ ಸಂಘಟನೆಗಳವರೋ ಆಗಿರಬೇಕು. ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ ವೈದ್ಯರು, ವಕೀಲರು, ಸಮಾಜ ವಿಜ್ಞಾನಿ, ಸಾಮಾನ್ಯ ನಾಗರಿಕರು ಇರುತ್ತಾರೆ. ವೀಲ್‌ಚೇರಿನಲ್ಲಿ ಬದುಕು ಸಾಗಿಸುವವರೊಬ್ಬರು ಇರಲೇಬೇಕೆಂಬ ಕಡ್ಡಾಯ ಅಲ್ಲಿಲ್ಲ. ಯಾವ ಫಲಿತಾಂಶ ಅಳೆಯಬೇಕು ಎಂಬ ಪ್ರಶ್ನೆಯಲ್ಲೇ ಇದರ ಅಗತ್ಯ ಗೊತ್ತಾಗುತ್ತದೆ. ಸಂಶೋಧಕರು ಕೀಲಿನ ಕೋನವನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ರೋಗಿಗೆ ಬೇಕಾದದ್ದು ತಾನೇ ಶೌಚಕ್ಕೆ ಹೋಗಿ ಬರುವುದು, ತಾನೇ ತುತ್ತು ಕಲಸಿ ಉಣ್ಣುವುದು. ಈ ಅಂತರವನ್ನು ಸಮಿತಿಯ ಮೇಜಿಗೆ ತರಬಲ್ಲವರು ಆ ಬದುಕು ಬಾಳುವವರೇ.

ಇದರಿಂದೆಲ್ಲ ಕೆಲಸ ನಿಧಾನವಾಗುತ್ತದೆ, ಸಣ್ಣ ಸಂಶೋಧನೆಗಳು ಸಾಯುತ್ತವೆ ಎಂಬ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಸಮಿತಿಯ ಸಭೆಗಾಗಿ ತಿಂಗಳುಗಟ್ಟಲೆ ಕಾಯುವ ನೋವು ನಿಜ. ಆದರೆ ಮಾರ್ಗಸೂಚಿಯೇ ಅಪಾಯದ ಪ್ರಮಾಣ ನೋಡಿ ಮೂರು ದಾರಿ ಇಟ್ಟಿದೆ. ಕೆಲವಕ್ಕೆ ಪರಿಶೀಲನೆಯಿಂದ ವಿನಾಯಿತಿ, ಕೆಲವಕ್ಕೆ ತ್ವರಿತ ಪರಿಶೀಲನೆ, ಉಳಿದವಕ್ಕೆ ಪೂರ್ಣ ಸಮಿತಿ. ಹಳೆಯ ಕಡತಗಳಿಂದ ಅಂಕಿ ತೆಗೆಯುವುದಕ್ಕೂ ಮಕ್ಕಳ ಮೇಲೆ ಹೊಸ ಯಂತ್ರ ಪ್ರಯೋಗಿಸುವುದಕ್ಕೂ ಒಂದೇ ಅಳತೆಗೋಲು ಹಿಡಿಯುವ ಸಮಿತಿ ತಪ್ಪು ಮಾಡುತ್ತಿದೆ. ಆ ತಪ್ಪನ್ನು ತಿದ್ದಬೇಕು. ಪರಿಶೀಲನೆಯನ್ನೇ ತೊರೆಯುವುದು ಅದಕ್ಕೆ ಮದ್ದಲ್ಲ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ವೃತ್ತಿಗಳಿಗಾಗಿ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಆ ಆಯೋಗವೂ ರಾಜ್ಯ ಮಂಡಳಿಗಳೂ ಪದವಿಗಳ ಪಟ್ಟಿ ಮಾಡಿ ನಿಲ್ಲದೆ, ಯಾವ ಚಿಕಿತ್ಸೆಗೆ ಎಷ್ಟು ಆಧಾರವಿದೆ ಎಂದು ರೋಗಿಗೆ ಹೇಳುವುದನ್ನು ವೃತ್ತಿಧರ್ಮದ ನಿಯಮವಾಗಿಸಬೇಕು.

ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರನ್ನೋ ಮಗುವನ್ನೋ ಚಿಕಿತ್ಸೆಗೆ ಕರೆದೊಯ್ದಾಗ ಗೌರವದಿಂದಲೇ ಕೇಳಿ: ಇದರಿಂದ ಏನು ಬದಲಾಗಬೇಕು, ಎಷ್ಟು ದಿನದಲ್ಲಿ, ಅದನ್ನು ಹೇಗೆ ಅಳೆಯುತ್ತೀರಿ, ಬದಲಾಗದಿದ್ದರೆ ಮುಂದೇನು? ಒಳ್ಳೆಯ ಚಿಕಿತ್ಸಕರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಸಂಶೋಧನೆಗೆಂದು ಸಹಿ ಕೇಳಿದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನೂ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆಯನ್ನೂ ಕೇಳಿ. 2007ರಲ್ಲಿ ಆರಂಭವಾದ ಆ ರಾಷ್ಟ್ರೀಯ ದಾಖಲೆ 2018ರ ಏಪ್ರಿಲ್‌ನಿಂದ, ಮೊದಲ ರೋಗಿ ಸೇರುವ ಮುನ್ನವೇ ನೋಂದಾಯಿಸಿದ ಪ್ರಯೋಗಗಳನ್ನು ಮಾತ್ರ ಸ್ವೀಕರಿಸುತ್ತದೆ. ಅದನ್ನು ಯಾರು ಬೇಕಾದರೂ ಹಣ ಕೊಡದೆ ತೆರೆದು ಓದಬಹುದು.